ಮರ ಕೊಯ್ಯುವ ಯಂತ್ರ ಅಂಗಳಕ್ಕೆ ಬಂದಾಗ

ಮೃಗಶಿರಾ ಮಳೆ ಕಾಲಿಟ್ಟಿತೆಂದರೆ ಟಿಳಕವಾಡಿಯ ಹಳೆಯ ಮನೆಗಳ ಯಜಮಾನರಿಗೆ ಹೊಸದೊಂದು ಚಿಂತೆ. ಹಿರಿಯರು ನೆರಳಿಗೆಂದು ನೆಟ್ಟ ಮಾವು, ಗುಲ್‌ಮೊಹರುಗಳು ಈಗ ಹಂಚಿನ ಮೇಲೂ ವಿದ್ಯುತ್ತಂತಿಯ ಮೇಲೂ ಬಾಗಿ ನಿಂತಿವೆ. ಒಂದು ರಾತ್ರಿಯ ಗಾಳಿಗೆ ಕೊಂಬೆ ಮುರಿಯುತ್ತದೆ. ಬೆಳಗಾಗುತ್ತಲೇ ಮರ ಕೊಯ್ಯುವಾತನಿಗೆ ಕರೆ ಹೋಗುತ್ತದೆ. ಹಿಂದೆ ಆತ ಕೊಡಲಿಯೊಡನೆ ಬರುತ್ತಿದ್ದ. ಈಗ ಪೆಟ್ರೋಲಿನಿಂದ ಓಡುವ ಸರಪಳಿ ಗರಗಸದೊಡನೆ ಬರುತ್ತಾನೆ. ಕಾಲಲ್ಲಿ ಮಾತ್ರ ಅದೇ ಹವಾಯಿ ಚಪ್ಪಲಿ. ಕೂಲಿಗಾಗಿ ಚೌಕಾಶಿ ಮಾಡುವ ಯಜಮಾನರು ಆ ಚಪ್ಪಲಿಯತ್ತ ನೋಡುವುದು ಅಪರೂಪ.

ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1929ರಲ್ಲಿ ಹೊರತಂದ ಪೆಟ್ರೋಲ್ ಗರಗಸದ ತೂಕ 46 ಕಿಲೋಗ್ರಾಂ. ಅದನ್ನು ನಡೆಸಲು ಇಬ್ಬರು ಬೇಕಾಗಿತ್ತು. ಇಂದಿನದು ಐದಾರು ಕಿಲೋ. ಹಗುರವಾದದ್ದೇ ಕೇಡಿಗೂ ದಾರಿಯಾಯಿತು: ಒಂದು ಕೈಯಲ್ಲಿ ಯಂತ್ರ, ಇನ್ನೊಂದರಲ್ಲಿ ಕೊಂಬೆ ಎಂಬ ಸಾಹಸ ಅಂದಿನಿಂದ ಸಾಧ್ಯವಾಯಿತು.

ಸರಪಳಿ ಸುತ್ತುವ ಉಕ್ಕಿನ ಪಟ್ಟಿಯ ತುದಿಯಲ್ಲಿದೆ ಇದರ ಗುಟ್ಟು. ಆ ತುದಿಯ ಮೇಲ್ಭಾಗವು ಕೊಂಬೆಗೋ ಗೋಡೆಗೋ ತಗುಲಿತೆಂದರೆ ಹಲ್ಲು ಸಿಕ್ಕಿಕೊಂಡು, ಪಟ್ಟಿಯು ಚಿಮ್ಮಿ ಹಿಡಿದವನ ಮುಖದತ್ತಲೇ ತಿರುಗುತ್ತದೆ. ಸರಪಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಮುಖ ಸರಿಸಿಕೊಳ್ಳಲು ಕಾಲವೆಲ್ಲಿ? ಮುಂದಿನ ಹಿಡಿಯೆದುರಿಗಿರುವ ಅಡ್ಡಫಲಕವನ್ನು ಇದಕ್ಕಾಗಿಯೇ ಇರಿಸಿದ್ದಾರೆ. ಯಂತ್ರ ಚಿಮ್ಮಿದಾಗ ಎಡಗೈಯ ಮಣಿಕಟ್ಟು ಅದಕ್ಕೆ ತಾಗಿ ಬ್ರೇಕ್ ಬಿದ್ದು ಸರಪಳಿ ನಿಲ್ಲುತ್ತದೆ. ಎಡಗೈ ಕೊಂಬೆಯ ಮೇಲಿದ್ದರೆ ಆ ಫಲಕವನ್ನು ತಾಗುವವರು ಯಾರು? ಹಿಡಿಯನ್ನು ಹೆಬ್ಬೆರಳು ಸುತ್ತಿ ಹಿಡಿದಿರಬೇಕು. ಫಲಕವೇ ಮುರಿದಿದ್ದರೆ ಅಂದು ಕೆಲಸ ಬೇಡವೆನ್ನುವುದು ಲೇಸು. ಏಣಿಯ ಮೇಲೆ ನಿಂತು ಕೊಯ್ಯುವುದನ್ನೂ, ಭುಜದಿಂದ ಮೇಲಕ್ಕೆ ಯಂತ್ರವೆತ್ತುವುದನ್ನೂ ಒಪ್ಪಲಾಗದು.

ಯಂತ್ರವನ್ನು ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಬಲಗಾಲಿನಿಂದ ಒತ್ತಿ ಚಾಲೂ ಮಾಡಬೇಕು. ಬಿಸಿ ಎಂಜಿನಿಗೆ ಪೆಟ್ರೋಲ್ ಹುಯ್ಯಬಾರದು. ಬೀಡಿಯ ಮಾತು ಹೇಳಬೇಕಾದುದೇ ಇಲ್ಲ.

ಬಿದ್ದ ಮರ ನಿರುಪದ್ರವಿಯೆಂದು ಬಗೆಯುವವರು ಹೆಚ್ಚು. ಗೋಡೆಗೊರಗಿ ಬಿಲ್ಲಿನಂತೆ ಬಾಗಿದ ಕೊಂಬೆಯ ಒಂದು ಮಗ್ಗುಲು ಹಿಗ್ಗಿ, ಇನ್ನೊಂದು ಕುಗ್ಗಿರುತ್ತದೆ. ಹಿಗ್ಗಿದ ಕಡೆಗೆ ಮೊದಲು ಗರಗಸವಿಟ್ಟರೆ ಅದು ಫಕ್ಕನೆ ಸಿಡಿಯುತ್ತದೆ. ಕುಗ್ಗಿದ ಕಡೆ ಕೊಂಚವೇ ಕೊಯ್ದು, ಬಳಿಕ ಹಿಗ್ಗಿದ ಮಗ್ಗುಲಿಗೆ ಬರಬೇಕು. ಅದೂ ಸಿಡಿಯುವ ದಿಕ್ಕಿನಿಂದ ಸರಿದು ನಿಂತು.

ನಿಂತ ಮರವನ್ನೇ ಕಡಿಯುವುದಾದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ತಂತಿ ಸಮೀಪವಿದ್ದಲ್ಲಿ ಹೆಸ್ಕಾಂನವರು ವಿದ್ಯುತ್ತು ನಿಲ್ಲಿಸಿದ ಮೇಲೆಯೇ ಕೆಲಸ. ಮರ ಬೀಳುವಾಗ ಅದರ ಎತ್ತರದ ಎರಡರಷ್ಟು ದೂರದಲ್ಲಿ ಜನರಿರಬೇಕೆಂಬುದು ನಿಯಮ. ಟಿಳಕವಾಡಿಯ ಅಂಗಳಗಳಲ್ಲಿ ಅಷ್ಟು ಜಾಗ ಎಲ್ಲಿಯದು? ಆದುದರಿಂದ ತುದಿಯಿಂದ ತುಂಡುತುಂಡಾಗಿ ಕೊಯ್ದು ಹಗ್ಗದಿಂದ ಇಳಿಸಬೇಕು. ಏರಿದಾತ ತನ್ನನ್ನು ಎರಡು ಕಡೆ ಬಿಗಿದುಕೊಂಡಿದ್ದರೆ ಮಾತ್ರ ಎರಡು ಕೈಗಳೂ ಯಂತ್ರಕ್ಕೆ ಬಿಡುವಾಗುತ್ತವೆ. ಇದಕ್ಕೆ ಹೊತ್ತು ಹೆಚ್ಚು, ಆಳು ಹೆಚ್ಚು, ಕೂಲಿಯೂ ಹೆಚ್ಚು.

ಚೌಕಾಶಿ ನಡೆಯುವುದು ಇಲ್ಲಿಯೇ. ಕೂಲಿ ಇಳಿಸಿದಷ್ಟೂ ಹಗ್ಗ ಹಿಡಿಯುವ ಎರಡನೆಯ ಆಳು ಬರುವುದಿಲ್ಲ; ಬೂಟು, ಶಿರಸ್ತ್ರಾಣ, ಕನ್ನಡಕ ಬರುವುದಿಲ್ಲ; ಒಳಗಿನ ನಾರೆಳೆಗಳಿಂದ ಸರಪಳಿಯನ್ನು ತೊಡಕಿಸಿ ನಿಲ್ಲಿಸುವ ತೊಡೆಗವಚವಂತೂ ಬರುವುದೇ ಇಲ್ಲ. ದರ ಗೊತ್ತುಮಾಡುವ ಮೊದಲು ಇವೆಲ್ಲ ಅದರಲ್ಲಿ ಸೇರಿವೆಯೇ ಎಂದು ಕೇಳಲು ಯಜಮಾನರಿಗೆ ಎರಡು ನಿಮಿಷ ಸಾಕು. ಅಷ್ಟರಲ್ಲಿ ಮನೆಯೊಡತಿ ಅಂಗಳದ ಮಕ್ಕಳನ್ನು ಒಳಗೆ ಕರೆದಿರಬಹುದು.