ದುಬಾರಿ ರೈಫಲ್ ಸ್ಕೋಪ್: ಹೆಚ್ಚುವರಿ ಬೆಲೆ ಯಾವುದಕ್ಕೆ?

ಬಂದೂಕಿನ ಮೇಲೆ ಕೂರಿಸುವ ದುರ್ಬೀನಿಗೆ, ಅಂದರೆ ರೈಫಲ್ ಸ್ಕೋಪಿಗೆ, ಬಂದೂಕಿಗಿಂತಲೂ ಹೆಚ್ಚು ಹಣ ತೆರುವ ಗ್ರಾಹಕರು ಜರ್ಮನಿ, ಆಸ್ಟ್ರಿಯಾಗಳಲ್ಲಿ ವಿರಳವಲ್ಲ. 500 ಯೂರೋ ಆಸುಪಾಸಿನಲ್ಲಿ ಉಪಯುಕ್ತ ಸ್ಕೋಪ್ ದೊರೆಯುವಾಗ 2,000 ಯೂರೋ ಮೀರಿದ ಉಪಕರಣವನ್ನು ಕೊಳ್ಳುವುದು ವಿವೇಕವೇ? ಮಾರಾಟಗಾರರ ಸಿದ್ಧ ಉತ್ತರ ‘ಗಾಜಿನ ಗುಣಮಟ್ಟ’ ಎಂಬುದು. ಇದು ಅರ್ಧಸತ್ಯ ಮಾತ್ರ.

ಲೇಪನವಿಲ್ಲದ ಮಸೂರದ ಪ್ರತಿ ಮೇಲ್ಮೈಯಲ್ಲಿ ಸುಮಾರು ಶೇ. 4ರಷ್ಟು ಬೆಳಕು ಪ್ರತಿಫಲಿಸಿ ನಷ್ಟವಾಗುತ್ತದೆ. ಆರು ಮಸೂರಗಳ, ಅಂದರೆ ಹನ್ನೆರಡು ಮೇಲ್ಮೈಗಳ ಸ್ಕೋಪಿನಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಬೆಳಕು ಕಣ್ಣಿಗೆ ತಲುಪುವುದೇ ಇಲ್ಲ. 1935ರಲ್ಲಿ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ರೂಪಿಸಿದ ಪ್ರತಿಫಲನ ನಿರೋಧಕ ಲೇಪನವು ಈ ನಷ್ಟಕ್ಕೆ ತಡೆಯೊಡ್ಡಿತು. ಒಂದು ಕಾಲದಲ್ಲಿ ಕೆಲವೇ ಕಾರ್ಖಾನೆಗಳ ಸೊತ್ತಾಗಿದ್ದ ಬಹುಪದರ ಲೇಪನ ಇಂದು ಮಧ್ಯಮ ದರ್ಜೆಯ ಸ್ಕೋಪುಗಳಲ್ಲಿಯೂ ಇದೆ. ಹಗಲು ಬೆಳಕಿನಲ್ಲಿ ಇವೆರಡರ ವ್ಯತ್ಯಾಸವನ್ನು ಗುರುತಿಸುವುದು ಪಳಗಿದ ಕಣ್ಣಿಗೂ ಸುಲಭವಲ್ಲ.

ಮುಸ್ಸಂಜೆಯ ಮಾತು ಬೇರೆ. ಬೆಳದಿಂಗಳಲ್ಲಿ ಕಾಡುಹಂದಿಗಾಗಿ ಕಾಯುವ ಜರ್ಮನ್ ಬೇಟೆಗಾರನಿಗೆ ಕೊನೆಯ ಹತ್ತು ನಿಮಿಷದ ಬೆಳಕೇ ಸರ್ವಸ್ವ. ಅಸ್ಪಷ್ಟವಾಗಿ ಕಂಡು ಹಾರಿಸಿದ ಗುಂಡಿನಿಂದ ಪ್ರಾಣಿ ಗಾಯಗೊಂಡು ನರಳುತ್ತದೆ. ಅವನಿಗಾಗಿಯೇ ರೂಢಿಗೆ ಬಂದ 8×56 ಸ್ಕೋಪ್ 7 ಮಿಲಿಮೀಟರ್ ಅಗಲದ ಬೆಳಕಿನ ಕಿರಣಪುಂಜವನ್ನು ಕಣ್ಣಿಗೆ ನೀಡುತ್ತದೆ. ಆದರೆ ವಯಸ್ಸಾದಂತೆ ಕಣ್ಣಿನ ಪಾಪೆ ಅಷ್ಟು ಅಗಲವಾಗಿ ತೆರೆದುಕೊಳ್ಳುವುದಿಲ್ಲ. ಇಂತಹ ಸ್ಕೋಪ್ ಕೊಳ್ಳುವಷ್ಟು ಹಣ ಕೂಡಿಬರುವ ವೇಳೆಗೆ ಅದರ ಪೂರ್ಣ ಬೆಳಕನ್ನು ಬಳಸುವ ಕಣ್ಣು ಉಳಿದಿರುವುದಿಲ್ಲವೆಂಬುದು ವಿಪರ್ಯಾಸ! 2020ರ ತಿದ್ದುಪಡಿಯ ತರುವಾಯ ಜರ್ಮನಿಯ ಶಸ್ತ್ರಾಸ್ತ್ರ ಕಾನೂನು ಬೇಟೆಗಾರರಿಗೆ ಸ್ಕೋಪಿಗೆ ಜೋಡಿಸುವ ರಾತ್ರಿದೃಷ್ಟಿ ಸಾಧನಗಳ ಬಾಗಿಲನ್ನೂ ತೆರೆದಿರುವುದರಿಂದ, ಬರಿಯ ಗಾಜಿಗಾಗಿ ಹೆಚ್ಚು ಹಣ ತೆರುವ ಸಮರ್ಥನೆ ಇನ್ನಷ್ಟು ದುರ್ಬಲವಾಗಿದೆ.

ಹೆಚ್ಚುವರಿ ಬೆಲೆಗೆ ನಿಜವಾದ ಪ್ರತಿಫಲ ದೊರೆಯುವುದು ಗಾಜಿಗಿಂತ ಹೆಚ್ಚಾಗಿ ಒಳಗಿನ ಯಂತ್ರಭಾಗದಲ್ಲಿ. ಗುರಿ ಹೊಂದಿಸುವ ತಿರುಪಿನ ಒಂದು ‘ಕ್ಲಿಕ್’ 100 ಮೀಟರಿನಲ್ಲಿ 1 ಸೆಂಟಿಮೀಟರ್ ಸರಿಸಬೇಕೆಂದಿದ್ದರೆ, ಸಾವಿರ ಸಲ ತಿರುಗಿಸಿ, ಸಾವಿರ ಗುಂಡುಗಳ ಹಿನ್ನೊದೆತವನ್ನು ಸಹಿಸಿದ ಮೇಲೂ ಅಷ್ಟೇ ಸರಿಸಬೇಕು. 1,000 ಮೀಟರ್ ದೂರಕ್ಕೆ ಇಂತಹ 100 ಕ್ಲಿಕ್‌ಗಳಷ್ಟು ತಿರುಗಿಸಬೇಕಾದಾಗ ಶೇ. 5ರ ದೋಷವೂ ಗುಂಡನ್ನು ಅರ್ಧ ಮೀಟರ್ ಆಚೆಗೆ ಒಯ್ಯುತ್ತದೆ. 150 ಮೀಟರಿನೊಳಗೆ ಗುಂಡು ಹಾರಿಸಿ, ತಿರುಪನ್ನು ವರ್ಷಕ್ಕೊಮ್ಮೆಯೂ ಮುಟ್ಟದವನಿಗೆ ಈ ನಿಖರತೆ ವ್ಯರ್ಥ ವೆಚ್ಚ. ಅಂಥವನು ಮಧ್ಯಮ ದರ್ಜೆಯ ಸ್ಕೋಪ್ ಕೊಂಡು, ಉಳಿದ ಹಣದಲ್ಲಿ ಗುಂಡುಗಳನ್ನು ಕೊಂಡು ಅಭ್ಯಾಸ ಮಾಡುವುದೇ ಲೇಸು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಭಾರತದಲ್ಲಿ ಬೇಟೆಗಾರರ ಮಾರುಕಟ್ಟೆಯಿಲ್ಲ. ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಇಲ್ಲಿ ಪ್ರಮುಖ ಗ್ರಾಹಕರೆಂದರೆ ಸೇನೆ ಮತ್ತು ಪೊಲೀಸ್ ಪಡೆಗಳು. ಬೆಂಗಳೂರಿನಲ್ಲಿಯೇ ಎಸ್ಎಸ್ಎಸ್ ಡಿಫೆನ್ಸ್ ಸ್ನೈಪರ್ ರೈಫಲ್‌ಗಳನ್ನು ತಯಾರಿಸುತ್ತಿರುವಾಗ, ನಿಖರ ಯಂತ್ರಭಾಗಗಳಲ್ಲಿ ನುರಿತ ನಮ್ಮ ನಾಡಿನ ಸಣ್ಣ ಉದ್ದಿಮೆಗಳಿಗೆ ಸ್ಕೋಪಿನ ಈ ಯಂತ್ರಭಾಗವು ಅಪರಿಚಿತ ಕೆಲಸವೇನಲ್ಲ. ಆದರೆ ಟೆಂಡರಿನ ನಿಗದಿತ ಅಂಶಗಳಲ್ಲಿ ವರ್ಧನೆ ಮತ್ತು ಮಸೂರದ ವ್ಯಾಸವನ್ನಷ್ಟೇ ನಮೂದಿಸಿ ಕನಿಷ್ಠ ದರಕ್ಕೆ ಮಣೆ ಹಾಕಿದರೆ, ತಿರುಪಿಗೆ ಹಣ ಹಾಕಿದ ತಯಾರಕ ಮೊದಲ ಸುತ್ತಿನಲ್ಲಿಯೇ ಸೋಲುತ್ತಾನೆ. ಮೇಲಕ್ಕೆ, ಬಲಕ್ಕೆ, ಕೆಳಕ್ಕೆ, ಎಡಕ್ಕೆ ಸಮಾನ ಕ್ಲಿಕ್‌ಗಳಷ್ಟು ತಿರುಗಿಸುತ್ತ ಗುಂಡು ಹಾರಿಸಿ, ಕೊನೆಯ ಗುಂಡು ಮೊದಲಿನ ರಂಧ್ರದ ಬಳಿಗೇ ಮರಳುವುದೇ ಎಂದು ನೋಡುವ ಸರಳ ಪರೀಕ್ಷೆಯೊಂದಿದೆ. ದರಪಟ್ಟಿಯನ್ನು ತೆರೆಯುವ ಮುನ್ನವೇ ಖರೀದಿ ಅಧಿಕಾರಿಗಳು ಇದನ್ನು ಕಡ್ಡಾಯಗೊಳಿಸಬೇಕು.