ಪ್ಲೇಟ್‌ಲೆಟ್ ಹುಟ್ಟುವ ಕೋಶದ ಒಳನೋಟ

ಡೆಂಗಿ ಬಂದ ಮನೆಯಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ಎಂದು ದಿನಾ ವಿಚಾರಿಸುತ್ತಾರೆ. ಅದು ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಡಿಮೆ. ಅಸ್ಥಿಮಜ್ಜೆಯಲ್ಲಿ ಮೆಗಾಕ್ಯಾರಿಯೋಸೈಟ್ ಎಂಬ ದೈತ್ಯ ಕೋಶಗಳಿವೆ. ಕೆಂಪು ರಕ್ತಕಣ ಏಳೆಂಟು ಮೈಕ್ರಾನ್ ಅಗಲವಿದ್ದರೆ ಇವು 50ರಿಂದ 100 ಮೈಕ್ರಾನ್. ಪ್ಲೇಟ್‌ಲೆಟ್ ಇವುಗಳದೇ ಚೂರು. ಅಮೆರಿಕದ ಜೇಮ್ಸ್ ಹೋಮರ್ ರೈಟ್ 1906ರಲ್ಲೇ ಈ ನಂಟನ್ನು ಗುರುತಿಸಿದ್ದರು.

ಒಂದು ಕೋಶ ಸಾವಿರಾರು ಚೂರಾಗುವುದು ಹೇಗೆ ಎಂಬುದು ಮಾತ್ರ ಅವರ ಸೂಕ್ಷ್ಮದರ್ಶಕಕ್ಕೆ ನಿಲುಕುವಂತಿರಲಿಲ್ಲ. 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಗೆರೆ ಬೆಳಕಿಗೆ ಒಂದೇ ಆಗಿ ಕಾಣುತ್ತದೆ. ಕೋಶದ ಪೊರೆಯೋ ಹತ್ತು ನ್ಯಾನೋಮೀಟರಿಗೂ ತೆಳು. ಇಲ್ಲಿ ಎಲೆಕ್ಟ್ರಾನ್ ಕಿರಣವೇ ಬೇಕು.

ಅದಕ್ಕೆ ಸಿದ್ಧತೆ ದೊಡ್ಡದು. ಮಜ್ಜೆಯ ತುಣುಕನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಅದ್ದಿ ಇದ್ದ ಸ್ಥಿತಿಯಲ್ಲೇ ನಿಲ್ಲಿಸುತ್ತಾರೆ. ಆಸ್ಮಿಯಂ ಟೆಟ್ರಾಕ್ಸೈಡ್ ಸೇರಿಸಿದಾಗ ಪೊರೆಗಳು ಕಪ್ಪಾಗುತ್ತವೆ. ನೀರನ್ನೆಲ್ಲ ತೆಗೆದು, ರಾಳದಲ್ಲಿ ಹುದುಗಿಸಿ, ಗಟ್ಟಿಯಾದ ಮೇಲೆ ವಜ್ರದ ಅಲಗಿನಿಂದ ಸುಮಾರು 70 ನ್ಯಾನೋಮೀಟರ್ ದಪ್ಪದ ಹಾಳೆಗಳಾಗಿ ಸೀಳುತ್ತಾರೆ. ಇಂಥ ಸಾವಿರ ಹಾಳೆ ಪೇರಿಸಿದರೆ ಒಂದು ತಲೆಗೂದಲಿನಷ್ಟು ದಪ್ಪವಾದೀತು.

1957ರಲ್ಲಿ ಸಂಶೋಧಕ ಯಮಾದಾ ಇಲಿಯ ಗುಲ್ಮದಲ್ಲಿನ ಈ ಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗೆಲ್ಲ ಪೊರೆಗಳ ಜಾಲ ಕಂಡಿತು. ಗೆರೆ ಎಳೆದು ಚೌಕ ಮಾಡಿಟ್ಟಂತಿದ್ದ ಆ ಚಿತ್ರ ಬಹುಕಾಲ ವಿಜ್ಞಾನಿಗಳ ಮನಸ್ಸನ್ನು ಆಳಿತು. ಪ್ರತಿ ಚೌಕವೂ ಒಂದು ಪ್ಲೇಟ್‌ಲೆಟ್, ಗೆರೆಯುದ್ದಕ್ಕೂ ಕೋಶ ಒಡೆಯುತ್ತದೆ ಎಂದು ಅನೇಕರು ನಂಬಿದರು. ಚಿತ್ರದಲ್ಲಿ ತಪ್ಪಿರಲಿಲ್ಲ, ಆದರೆ ಅದು ಸತ್ತ ಕೋಶದ ಒಂದು ಕ್ಷಣ. ಮುಂದೆ ಏನಾಗುತ್ತದೆ ಎಂಬುದನ್ನು ಊಹಿಸಿದ್ದು ನೋಡಿದವರು.

ಜೀವಂತ ಇಲಿಯ ಮಜ್ಜೆಯನ್ನೇ ನೋಡುವ ವಿಧಾನ ಬಂದಾಗ, 2007ರಲ್ಲಿ, ಬೇರೆಯದೇ ಬಯಲಾಯಿತು. ಕೋಶವು ರಕ್ತನಾಳದ ಗೋಡೆಯ ಸಂದಿಯಿಂದ ಉದ್ದನೆಯ ಬಾಹುಗಳನ್ನು ಚಾಚುತ್ತದೆ. ರಕ್ತದ ಸೆಳೆತಕ್ಕೆ ಅವು ತುಂಡಾಗುತ್ತವೆ. ಒಳಗಿನ ಪೊರೆ ಆ ಬಾಹುಗಳಿಗೆ ಬೇಕಾದ ದಾಸ್ತಾನು ಎಂಬುದೇ ಇಂದಿನ ತಿಳಿವಳಿಕೆ. ಹಾಗೆಂದು ಹಳೆಯ ಉಪಕರಣ ಮೂಲೆ ಸೇರಲಿಲ್ಲ. ಅಯಾನು ಕಿರಣದಿಂದ ಪದರ ಪದರವಾಗಿ ಕೆರೆಯುತ್ತಾ ಚಿತ್ರ ತೆಗೆದ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಸಂಶೋಧಕರು, ಈ ದಾಸ್ತಾನು ಹೊರಪೊರೆ ಒಳಮಡಿಚಿಕೊಳ್ಳುವಲ್ಲಿ ಶುರುವಾಗುವುದನ್ನು 2014ರಲ್ಲಿ ಮೂರು ಆಯಾಮಗಳಲ್ಲಿ ತೋರಿಸಿದರು.

ಆಸ್ಪತ್ರೆಗೂ ಈ ಉಪಕರಣದ ಉಪಯೋಗವಿದೆ. ಹರ್ಮಾನ್‌ಸ್ಕಿ-ಪುಡ್ಲಾಕ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಆದರೂ ಗಾಯದ ರಕ್ತ ಬೇಗ ನಿಲ್ಲುವುದಿಲ್ಲ. ಆರೋಗ್ಯವಂತರ ಪ್ಲೇಟ್‌ಲೆಟ್‌ನಲ್ಲಿ ಇರಬೇಕಾದ ಕಪ್ಪು ಕಣಗಳು ಇವರಲ್ಲಿ ಇಲ್ಲವೆಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತದೆ.