ಹೊಸ ಕಂಪ್ಯೂಟರ್ ಕೊಳ್ಳುವ ಮುನ್ನ

ಕಳೆದ ವಾರ ಕಡಬ ಕಡೆಯ ಕೃಷಿಕರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದರು. "ಮಾಸ್ಟ್ರೇ, ಇವನ ಕಂಪ್ಯೂಟರಿಗೆ ಮೆಮೊರಿ ಸಾಲುವುದಿಲ್ಲವಂತೆ. ಅಡಿಕೆ ಕೊಟ್ಟ ಹಣ ಉಂಟು, ಹೊಸತು ತೆಗೆಸಿಕೊಡುವುದಾ?" ಎಂದು ಕೇಳಿದರು.

ಹುಡುಗ ಇಂಜಿನಿಯರಿಂಗ್ ವಿದ್ಯಾರ್ಥಿ. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಮಳೆಹನಿ ಬಿದ್ದೊಡನೆ ಕೂಗುವ ಯಂತ್ರಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದ. ಕಂಪೈಲ್ ಮಾಡಿದರೆ 'ಸೆಕ್ಷನ್ ಟೈಪ್ ಕಾನ್‌ಫ್ಲಿಕ್ಟ್' ಎಂಬ ದೋಷ. ಮಗ ಹೇಳಿದ್ದು ಮೆಮೊರಿಯ ತಕರಾರು, ತಂದೆ ಕೇಳಿಸಿಕೊಂಡದ್ದು ಮೆಮೊರಿಯ ಕೊರತೆ!

ಶಾಲೆಗಳಲ್ಲೂ ಕಾಣಸಿಗುವ ಆರ್ಡುಯಿನೊ ಊನೊ ಫಲಕದ ಚಿಪ್ಪಿನಲ್ಲಿ ಪ್ರೋಗ್ರಾಂ ಇಡುವ ಫ್ಲ್ಯಾಶ್ 32 ಕಿಲೋಬೈಟ್. ಕೆಲಸ ನಡೆಯುವಾಗ ಬೇಕಾಗುವ ರ್‍ಯಾಮ್ ಬರೇ 2 ಕಿಲೋಬೈಟ್. ಆದ್ದರಿಂದ ಬದಲಾಗದ ಅಂಕಿಗಳನ್ನೂ ಸಂದೇಶಗಳನ್ನೂ ಫ್ಲ್ಯಾಶಿನಲ್ಲಿಡುವುದು ರೂಢಿ. ಫ್ಲ್ಯಾಶ್ ನಮ್ಮ ಮನೆಯ ಅಟ್ಟ, ರ್‍ಯಾಮ್ ಅಂಗಳ ಎಂದುಕೊಳ್ಳಿ. ಸೆಕ್ಷನ್ ಎಂದರೆ ಹೆಸರು ಬರೆದ ಗೋಣಿ. 'ಕಾನ್‌ಸ್ಟ್' ಎಂದು ಬರೆದ, ಅಂದರೆ ಬದಲಿಸಬಾರದ ಪಟ್ಟಿಯೊಂದನ್ನು ಗೋಣಿಗೆ ಹಾಕಿದರೆ ಕಂಪೈಲರ್ ಅದನ್ನು ಅಟ್ಟದ ಗೋಣಿ ಎಂದು ಗುರುತು ಮಾಡುತ್ತದೆ. ಅದೇ ಗೋಣಿಗೆ ಬದಲಾಗುವ ವಸ್ತುವನ್ನೂ ಹಾಕಿದಿರೋ, ಒಪ್ಪುವುದಿಲ್ಲ. ಚಾಲಿಯ ಗೋಣಿಗೆ ಹಸಿ ಅಡಿಕೆ ಸುರಿಯಲು ನೀವಾದರೂ ಬಿಡುತ್ತೀರಾ?

"ಸರ್, ಎರಡಕ್ಕೂ ಕಾನ್‌ಸ್ಟ್ ಹಾಕಿದ್ದೇನೆ" ಎಂದ ಹುಡುಗ. ಹಾಕಿದ್ದ, ನಿಜ. ಆದರೆ ಎರಡನೆಯದು ಸಂದೇಶಗಳ ವಿಳಾಸಪಟ್ಟಿ, ಅಂದರೆ ಪಾಯಿಂಟರುಗಳು. ಅಲ್ಲಿ ನಕ್ಷತ್ರ ಚಿಹ್ನೆಗೆ ಮೊದಲು ಬರೆದ ಕಾನ್‌ಸ್ಟ್ ಅಕ್ಷರಗಳನ್ನು ಮಾತ್ರ ಕಾಯುತ್ತದೆ. ವಿಳಾಸವನ್ನು ಬದಲಿಸಲು ಬಾಗಿಲು ತೆರೆದೇ ಇರುತ್ತದೆ. ನಕ್ಷತ್ರದ ನಂತರವೂ ಒಂದು ಕಾನ್‌ಸ್ಟ್ ಬೇಕು. 1989ರ ಸಿ ಮಾನಕದಲ್ಲಿ ಸೇರಿದ ಈ ಪದ ನನ್ನನ್ನೂ ಒಮ್ಮೆ ಎರಡು ರಾತ್ರಿ ಕಾಡಿದೆ.

ವಸ್ತು ನಿಜಕ್ಕೂ ಬದಲಾಗಬೇಕಾದದ್ದಾದರೆ ಅದಕ್ಕೆ ಬೇರೆ ಹೆಸರಿನ ಸೆಕ್ಷನ್ ಕೊಡಿ. ಫಂಕ್ಷನ್ನನ್ನೂ ದತ್ತಾಂಶವನ್ನೂ ಒಂದೇ ಹೆಸರಿನಡಿ ತುಂಬಬೇಡಿ. ಜಿಸಿಸಿ ಕಂಪೈಲರಾದರೆ ದೋಷದ ಸಾಲಿನ ಕೊನೆಯವರೆಗೆ ಓದಿ. ಯಾವುದರ ಜತೆ ಜಗಳ ಎಂಬ ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ನಮ್ಮ ಹುಡುಗರು ಅರ್ಧ ಸಾಲು ಓದಿ ಕೈಬಿಡುತ್ತಾರೆ.

ತಂದೆತಾಯಿಗಳಿಗೊಂದು ಮಾತು. ಜಾಗ ಸಾಲದು ಎಂಬ 'ಓವರ್‌ಫ್ಲೋ' ದೋಷ ಬೇರೆಯೇ ಇದೆ. ಅದು ಬಂದರೂ ತುಂಬಿರುವುದು ಚಿಪ್ಪಿನ ಜಾಗ. ಮೇಜಿನ ಮೇಲಿನ ಕಂಪ್ಯೂಟರಿಗೆ ಎಷ್ಟು ರ್‍ಯಾಮ್ ಹಾಕಿಸಿದರೂ ಉಪಯೋಗವಿಲ್ಲ.

ಹುಡುಗ ಆ ಒಂದು ಪದ ಸೇರಿಸಿದ, ಕಂಪೈಲ್ ಆಯಿತು. ಯಂತ್ರವೀಗ ಬೆಳಗಿನ ಮಂಜಿಗೂ ಕೂಗುತ್ತಿದೆಯಂತೆ. ಅದನ್ನು ಮುಂದಿನ ವಾರ ನೋಡೋಣ.